ಮುಂದಿನ ಗಾಡಿ ಗೋಡೆಯಾದರೆ?

ಪಾಡ್ ಗಾಡಿಗಳ ಪ್ರಾಜೆಕ್ಟ್ ಮಾಡುತ್ತಿರುವ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ನಿಮ್ಮ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಒಂದಲ್ಲ ಒಂದು ಮೇಜಿನ ಮೇಲೆ ಕಪ್ಪು ಟೇಪಿನ ಗೆರೆ ಹಿಡಿದು ಓಡುವ ಪುಟ್ಟ ಗಾಡಿಗಳ ಸಾಲು ಇದ್ದೇ ಇರುತ್ತದೆ. ಚಾಲಕನಿಲ್ಲದ ನಾಲ್ಕು ಸೀಟಿನ ಪಾಡ್‌ಗಳು, ಒಂದರ ಬೆನ್ನಿಗೆ ಇನ್ನೊಂದು, ಪಕ್ಕದಲ್ಲಿ ಬೆಂಗಳೂರಿನ ಟ್ರಾಫಿಕ್ಕಿಗೆ ಇದೇ ಪರಿಹಾರ ಎನ್ನುವ ಪೋಸ್ಟರು. ಎರಡು ಗಾಡಿಗಳ ನಡುವೆ ಎಷ್ಟು ಅಂತರ ಎಂದು ಕೇಳಿದರೆ ‘ಅರ್ಧ ಸೆಕೆಂಡು ಸರ್’ ಎಂಬ ಉತ್ತರ ಹೆಮ್ಮೆಯಿಂದ ಬರುತ್ತದೆ. ಮುಂದಿನದು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಏನು ಗತಿ ಎಂದರೆ ‘ಅದು ಹಾಗೆ ನಿಲ್ಲಲ್ಲ ಸರ್’ ಎನ್ನುತ್ತೀರಿ. ಈ ಪತ್ರ ನಿಮ್ಮ ಎರಡನೆಯ ಉತ್ತರದ ಬಗ್ಗೆ.

ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನಮ್ಮವರಿಗೆ ಒಂದು ಚಾಳಿಯಿದೆ. ಯಾವ ಯಂತ್ರ ಕಂಡರೂ ಹೇಗೆ ಓಡುತ್ತದೆ ಎಂದು ಕೇಳುವ ಮೊದಲು ಹೇಗೆ ಕೆಡುತ್ತದೆ ಎಂದು ಕೇಳುತ್ತೇವೆ. ಮದುವೆ ಮನೆಗೆ ಕರೆಯಬಾರದಂಥ ಜನ. ಆದರೆ ಗಾಡಿಗಳನ್ನು ಒತ್ತೊತ್ತಾಗಿ ಓಡಿಸುವ ವಿದ್ಯೆಯ ಅರವತ್ತು ವರ್ಷಗಳ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿದೆ ಎಂಬುದು ನಿಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲವಾದ್ದರಿಂದ ಬರೆಯಬೇಕೆನಿಸಿತು.

ಮೊದಲು ಅರ್ಧ ಸೆಕೆಂಡಿನ ಆಸೆ ಎಲ್ಲಿಂದ ಹುಟ್ಟುತ್ತದೆ ನೋಡೋಣ. ಆರು ಬೋಗಿಯ ಮೆಟ್ರೊ ರೈಲಿನಲ್ಲಿ 1,500 ಜನ ಹಿಡಿಯುತ್ತಾರೆ ಎಂದಿಟ್ಟುಕೊಳ್ಳಿ. ಮೂರು ನಿಮಿಷಕ್ಕೊಂದು ಬಂದರೆ ಗಂಟೆಗೆ 20 ರೈಲು, ಅಂದರೆ 30,000 ಜನ. ಇಷ್ಟೇ ಜನರನ್ನು ನಾಲ್ಕು ಸೀಟಿನ ಪಾಡ್‌ಗಳಲ್ಲಿ, ಒಂದು ಸೀಟೂ ಖಾಲಿ ಬಿಡದೆ ಸಾಗಿಸಬೇಕಾದರೆ ಗಂಟೆಗೆ 7,500 ಪಾಡ್ ಬೇಕು. 3,600 ಸೆಕೆಂಡುಗಳನ್ನು ಅದಕ್ಕೆ ಹಂಚಿದರೆ ಒಂದೊಂದಕ್ಕೆ ಬರುವುದು 0.48 ಸೆಕೆಂಡು. ನಿಮ್ಮ ಅರ್ಧ ಸೆಕೆಂಡು ಇದೇ. ಪಾಡಿನ ಆಕರ್ಷಣೆಯೆಲ್ಲ ಒಬ್ಬರೋ ಇಬ್ಬರೋ ಹತ್ತಿ ನೇರವಾಗಿ ತಮ್ಮ ನಿಲ್ದಾಣಕ್ಕೆ ಹೋಗುವುದರಲ್ಲಿದೆ ತಾನೆ? ಸರಾಸರಿ ಒಂದೂವರೆ ಜನ ಕೂತರೆ ಬೇಕಾಗುವ ಅಂತರ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಕಡಿಮೆ. ಹೋಗಲಿ, ಅರ್ಧ ಸೆಕೆಂಡನ್ನೇ ಹಿಡಿಯೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಒಂದರ ಮೂತಿಯಿಂದ ಮುಂದಿನದರ ಮೂತಿಗೆ 5 ಮೀಟರ್. ಗಾಡಿಯ ಉದ್ದವೇ 3 ಮೀಟರ್ ಕಳೆದರೆ ನಡುವೆ ಉಳಿಯುವುದು ಎರಡು ಮೀಟರ್, ಒಬ್ಬ ಮನುಷ್ಯ ಮಲಗುವಷ್ಟು ಜಾಗ.

ಈಗ ಬ್ರೇಕಿನ ಲೆಕ್ಕ. ಎಲ್ಲರೂ ಕೂತೇ ಇರುವ ಗಾಡಿಯಲ್ಲಿ ಪ್ರತಿ ಸೆಕೆಂಡಿಗೆ ವೇಗವನ್ನು 2.5 ಮೀಟರ್‌ನಷ್ಟು ಇಳಿಸಬಹುದು. ನಿಂತವರಿದ್ದರೆ ಅದರ ಅರ್ಧದಷ್ಟೇ ಸುರಕ್ಷಿತ. ಸೆಕೆಂಡಿಗೆ 10 ಮೀಟರ್ ವೇಗದಿಂದ ಪೂರ್ತಿ ನಿಲ್ಲಲು 20 ಮೀಟರ್ ಬೇಕು. ಮುಂದೇನೋ ಆಗಿದೆ ಎಂದು ಸೆನ್ಸರ್ ಗ್ರಹಿಸಿ, ಕಂಪ್ಯೂಟರ್ ನಿರ್ಧರಿಸಿ, ಬ್ರೇಕು ಕಚ್ಚುವವರೆಗೆ ಅರ್ಧ ಸೆಕೆಂಡು ಕೊಡಿ, ಅದಕ್ಕೆ 5 ಮೀಟರ್. ಗಾಡಿಯ ಉದ್ದ 3 ಸೇರಿಸಿ. ಒಟ್ಟು 28 ಮೀಟರ್, ಅಂದರೆ 2.8 ಸೆಕೆಂಡು. ಮುಂದಿನ ಗಾಡಿ ಇದ್ದ ಜಾಗದಲ್ಲೇ ಗೋಡೆಯಂತೆ ನಿಂತುಬಿಟ್ಟರೂ ಹಿಂದಿನದು ಅದಕ್ಕೆ ತಾಗದೆ ನಿಲ್ಲಬೇಕು ಎಂಬ ನಿಯಮದ ಲೆಕ್ಕ ಇದು. ಇಟ್ಟಿಗೆ ಗೋಡೆಯ ನಿಯಮ ಎಂದೇ ಈ ಕಸುಬಿನವರು ಇದನ್ನು ಕರೆಯುತ್ತಾರೆ.

ವೇಗ ಹೆಚ್ಚಿಸಿದರೆ ಅಂತರ ಕಡಿಮೆಯಾದೀತೆ? ಇಲ್ಲ, ಹೆಚ್ಚುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಇದೇ ಲೆಕ್ಕ 4.65 ಸೆಕೆಂಡಿಗೆ ಹೋಗುತ್ತದೆ, ಯಾಕೆಂದರೆ ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾದರೆ ನಿಧಾನವಾಗಿ ಹೋದರೆ? ಗಾಡಿಯ ಉದ್ದ ದಾಟಲೇ ಹೊತ್ತು ಹಿಡಿಯುತ್ತದೆ. ಸಮೀಕರಣ ಬರೆದು ಡಿಫರೆನ್ಷಿಯೇಟ್ ಮಾಡಿ ನೋಡಿ, ನಿಮಗಿದು ಎರಡು ನಿಮಿಷದ ಕೆಲಸ. ಅತಿ ಕಡಿಮೆ ಅಂತರ ಸಿಗುವುದು ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ, ಆಗಲೂ ಅದು ಎರಡು ಸೆಕೆಂಡಿಗಿಂತ ಚೂರು ಜಾಸ್ತಿಯೇ. ಈ ಬ್ರೇಕು, ಈ ಉದ್ದ, ಈ ನಿಯಮ ಇಟ್ಟುಕೊಂಡು ಜಗತ್ತಿನ ಅತಿ ವೇಗದ ಪ್ರೊಸೆಸರ್ ತಂದು ಕೂರಿಸಿ ಪ್ರತಿಕ್ರಿಯೆಯ ಸಮಯವನ್ನು ಸೊನ್ನೆ ಮಾಡಿದರೂ ಒಂದೂವರೆ ಸೆಕೆಂಡಿನ ಕೆಳಗಿಳಿಯಲು ಆಗದು. ಅರ್ಧ ಸೆಕೆಂಡು ಬೇಕೆಂದರೆ ಬದಲಾಯಿಸಬೇಕಾದದ್ದು ಕಂಪ್ಯೂಟರನ್ನಲ್ಲ, ನಿಯಮವನ್ನು.

ನಿಯಮ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೈಲ್ವೆಯ ಮೊದಲ ದಶಕಗಳಲ್ಲಿ ರೈಲುಗಳನ್ನು ಗಡಿಯಾರ ನೋಡಿ ಬಿಡುತ್ತಿದ್ದರು. ಒಂದು ಹೋಗಿ ಇಷ್ಟು ನಿಮಿಷವಾಯಿತೇ, ಇನ್ನೊಂದು ಹೊರಡಲಿ. ಮುಂದೆ ಹೋದದ್ದು ಹೋಗುತ್ತಲೇ ಇದೆ ಎಂಬ ನಂಬಿಕೆ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾದಲ್ಲಿ ಭಾನುವಾರದ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು ಏರಿನಲ್ಲಿ ಸೋತು ನಿಂತಿತು. ಹಿಂದಿನ ಬೋಗಿಗಳನ್ನು ಬಿಡಿಸಿ ಮುಂದಿನವನ್ನು ಮೊದಲು ಒಯ್ಯೋಣವೆಂದು ಹೊರಟಾಗ ಬಿಡಿಸಿದ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿದವು. ಹಿಂದೆ ಅದೇ ಹಳಿಯ ಮೇಲೆ ಇನ್ನೊಂದು ರೈಲು ಗಡಿಯಾರದ ಪ್ರಕಾರ ಸರಿಯಾಗಿಯೇ ಬರುತ್ತಿತ್ತು. ಸುಮಾರು 80 ಮಂದಿ ಸತ್ತರು, ಬಹಳಷ್ಟು ಮಕ್ಕಳು. ಅದೇ ವರ್ಷ ಬ್ರಿಟನ್ ಕಾನೂನು ಮಾಡಿ ಕಾಲದ ಅಂತರವನ್ನು ಬಿಡಿಸಿ ಜಾಗದ ಅಂತರವನ್ನು ಕಡ್ಡಾಯ ಮಾಡಿತು. ಒಂದು ಬ್ಲಾಕಿನಲ್ಲಿ ಒಂದೇ ರೈಲು. ಅದು ಹೊರಗೆ ಹೋದದ್ದು ಖಾತ್ರಿಯಾದ ಮೇಲೆಯೇ ಇನ್ನೊಂದಕ್ಕೆ ಸಿಗ್ನಲ್. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ನೀವು ಕಿಟಕಿಯಾಚೆ ನೋಡುವ ಕೆಂಪು ದೀಪದ ಹಿಂದೆ ಇರುವುದು ಈ ಖಾತ್ರಿಯೇ. ಮುಂದಿನ ರೈಲು ಓಡುತ್ತಿರಬಹುದು ಎಂಬ ಊಹೆಗೆ ನಮ್ಮಲ್ಲಿ ಬೆಲೆ ಇಲ್ಲ.

1960ರ ದಶಕದ ಕೊನೆಯಲ್ಲಿ ಈ ನಿಯಮಕ್ಕೆ ಎದುರು ನಿಂತವರು ಬಂದರು, ಮತ್ತು ಅವರು ಸಾಮಾನ್ಯರಲ್ಲ. ಅಮೆರಿಕದ ಏರೋಸ್ಪೇಸ್ ಕಾರ್ಪೊರೇಷನ್ನಿನ ಜ್ಯಾಕ್ ಇರ್ವಿಂಗ್, ಮಿನೆಸೋಟ ವಿಶ್ವವಿದ್ಯಾಲಯದ ಎಡ್ವರ್ಡ್ ಆ್ಯಂಡರ್ಸನ್. ಇಬ್ಬರ ಪುಸ್ತಕಗಳೂ 1978ರಲ್ಲಿ ಬಂದವು, ಸಿಕ್ಕರೆ ಓದಿ. ಅವರ ವಾದ ಸರಳ. ನೂರಾರು ಟನ್ ತೂಕದ ರೈಲಿಗೆ ಬರೆದ ನಿಯಮವನ್ನು ಅರ್ಧ ಟನ್ನಿನ ಗಾಡಿಗೆ ಯಾಕೆ ಹಚ್ಚುತ್ತೀರಿ? ಹೆದ್ದಾರಿಯಲ್ಲಿ ನಾವೆಲ್ಲ ಮುಂದಿನ ಕಾರಿನ ಹಿಂದೆ ಒಂದು ಸೆಕೆಂಡಿನಲ್ಲಿ ಹೋಗುತ್ತಿಲ್ಲವೇ? ಯಾವ ಗಾಡಿಯೂ ಕ್ಷಣದಲ್ಲಿ ಗೋಡೆಯಾಗುವುದಿಲ್ಲ, ಬ್ರೇಕು ಹಾಕಿದರೂ ಜಾರಿಕೊಂಡು ಒಂದಷ್ಟು ದೂರ ಹೋಗಿಯೇ ನಿಲ್ಲುತ್ತದೆ. ಮುಂದಿನದೂ ಹಿಂದಿನದೂ ಒಂದೇ ಬಗೆಯಲ್ಲಿ ಬ್ರೇಕು ಹಾಕುತ್ತವೆ ಎಂದಿಟ್ಟುಕೊಂಡರೆ ಬೇಕಾದದ್ದು ಪ್ರತಿಕ್ರಿಯೆಯ ದೂರ ಮಾತ್ರ. ನಮ್ಮ ಉದಾಹರಣೆಯಲ್ಲಿ 28 ಮೀಟರ್ ಹೋಗಿ 8 ಮೀಟರ್ ಸಾಕಾಗುತ್ತದೆ, 0.8 ಸೆಕೆಂಡು.

ಈ ವಾದ ಅರ್ಧ ಸರಿ ಎಂದು ನನ್ನ ಅಭಿಪ್ರಾಯ. ಗಾಡಿ ಮಾರ್ಗವನ್ನು ತಬ್ಬಿಕೊಂಡಿರಬೇಕು, ಹಳಿ ತಪ್ಪಲು ಸಾಧ್ಯವೇ ಇರಬಾರದು. ಬ್ರೇಕು ಟೈರಿಗೂ ಕಾಂಕ್ರೀಟಿಗೂ ನಡುವಿನ ಘರ್ಷಣೆಯನ್ನು ನಂಬದೆ ಲೀನಿಯರ್ ಮೋಟಾರಿನಿಂದ ಬರಬೇಕು, ಆಗ ಜೂನ್ ತಿಂಗಳ ಮಳೆಗೂ ಏಪ್ರಿಲ್ ಬಿಸಿಲಿಗೂ ವ್ಯತ್ಯಾಸ ಇರುವುದಿಲ್ಲ. ಇಷ್ಟನ್ನು ಕಟ್ಟಿದವನಿಗೆ ಗೋಡೆಯ ನಿಯಮ ಸಡಿಲಿಸಲು ಹಕ್ಕಿದೆ. ಆದರೆ ‘ಒಂದೇ ಬಗೆಯಲ್ಲಿ’ ಎಂಬಲ್ಲೇ ಕುತ್ತು ಇರುವುದು. ಮುಂದಿನ ಗಾಡಿಯ ಬ್ರೇಕು ಹಿಂದಿನದಕ್ಕಿಂತ ಎರಡರಷ್ಟು ಚೆನ್ನಾಗಿದೆ ಎನ್ನಿ. ಅದು 10 ಮೀಟರಿಗೇ ನಿಲ್ಲುತ್ತದೆ, ಹಿಂದಿನದಕ್ಕೆ 25 ಬೇಕು. ಮತ್ತೆ 1.8 ಸೆಕೆಂಡಿಗೆ ಬಂದಿರಿ. ಸಾಲಿನಲ್ಲಿ ಅಪಾಯ ತರುವುದು ಕೆಟ್ಟ ಬ್ರೇಕು ಮಾತ್ರವಲ್ಲ, ಕೆಟ್ಟ ಬ್ರೇಕಿನ ಮುಂದಿರುವ ಒಳ್ಳೆಯ ಬ್ರೇಕು ಕೂಡ. ನಿನ್ನೆ ತಾನೆ ಹೊಸ ಪ್ಯಾಡ್ ಹಾಕಿಸಿಕೊಂಡು ಡಿಪೋದಿಂದ ಬಂದ ಗಾಡಿ ಸಾಲಿಗೆ ಕಂಟಕವಾಗಬಲ್ಲದು.

ಇನ್ನು ಗೋಡೆ ಗಾಡಿಯಿಂದಲೇ ಆಗಬೇಕೆಂದೇನೂ ಇಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಮೋರ್ಗನ್‌ಟೌನ್ ಎಂಬ ಗುಡ್ಡಗಾಡಿನ ಊರಿದೆ. ಎರಡು ಕಡೆ ಹಂಚಿಹೋದ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳ ನಡುವೆ ಬಸ್ಸುಗಳು ಸಿಕ್ಕಿಬೀಳುತ್ತಿದ್ದವು ಎಂದು ಅಲ್ಲಿನ ಪ್ರಾಧ್ಯಾಪಕ ಸ್ಯಾಮಿ ಎಲಿಯಾಸ್ ಹಠ ಹಿಡಿದು ಚಾಲಕರಹಿತ ಗಾಡಿಗಳನ್ನು ತರಿಸಿದರು. ವಿಮಾನ ಕಟ್ಟುವ ಬೋಯಿಂಗ್ ಕಂಪನಿ ಕಟ್ಟಿತು. 1975ರಲ್ಲಿ ಜನ ಹತ್ತಿದರು, ಇಂದಿಗೂ ಹತ್ತುತ್ತಿದ್ದಾರೆ. ಐದು ನಿಲ್ದಾಣ, ಎಪ್ಪತ್ತರ ಆಸುಪಾಸಿನ ಗಾಡಿಗಳು, ಒಂದೊಂದರಲ್ಲಿ 20 ಜನ. ಹಿಮ ಕರಗಿಸಲು ಮಾರ್ಗದ ಕಾಂಕ್ರೀಟಿನೊಳಗೇ ಬಿಸಿ ನೀರಿನ ಕೊಳವೆಗಳು. 2020ರ ಫೆಬ್ರವರಿಯಲ್ಲಿ ಗುಡ್ಡದಿಂದ ಉರುಳಿದ ದೊಡ್ಡ ಬಂಡೆಯೊಂದು ಓಡುತ್ತಿದ್ದ ಗಾಡಿಗೆ ಬಡಿಯಿತು. ಬಂಡೆ ಯಾವ ಸೆನ್ಸರಿಗೂ ಹೇಳಿ ಬೀಳುವುದಿಲ್ಲ. ಆ ವ್ಯವಸ್ಥೆಯ ವಿನ್ಯಾಸದ ಅಂತರ 15 ಸೆಕೆಂಡು. ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 200 ಮೀಟರ್. ಪಾಡ್ ಅಭಿಮಾನಿಗಳು ಈ 15 ಸೆಕೆಂಡನ್ನು ನೋಡಿ ಮೂಗು ಮುರಿಯುತ್ತಾರೆ. ಐವತ್ತು ವರ್ಷ ಓಡಿದ ಮೇಲೆ ಮೂಗು ಮುರಿಸಿಕೊಳ್ಳುವುದು ಕೆಟ್ಟ ವಿಧಿಯೇನಲ್ಲ.

ಮೋರ್ಗನ್‌ಟೌನಿನಿಂದ ನೀವು ಕಲಿಯಬೇಕಾದದ್ದು ಇನ್ನೊಂದಿದೆ. ಅಲ್ಲಿ ಗಾಡಿಗಳು ಮುಂದಿನ ಗಾಡಿಯನ್ನು ನೋಡಿಕೊಂಡು ಓಡುವುದಿಲ್ಲ. ಕಂಪ್ಯೂಟರ್ ಮಾರ್ಗದುದ್ದಕ್ಕೂ ಕಾಣದ ಗುರುತುಗಳನ್ನು ಸಾಗಿಸುತ್ತ ಹೋಗುತ್ತದೆ, ಒಂದೊಂದು ಗಾಡಿಯೂ ತನ್ನ ಗುರುತನ್ನು ಬೆನ್ನಟ್ಟುತ್ತದೆ. ಅದರ ಕೆಳಗೆ, ಅದನ್ನು ಒಂದು ಚೂರೂ ನಂಬದ ಇನ್ನೊಂದು ವ್ಯವಸ್ಥೆ ಇದೆ. ಮಾರ್ಗದ ಪ್ರತಿ ತುಂಡಿನಲ್ಲೂ ಹುದುಗಿಸಿದ ತಂತಿ ಒಂದು ಧ್ವನಿಸಂಕೇತವನ್ನು ಬಿಡುತ್ತಲೇ ಇರುತ್ತದೆ. ಅದು ಕೇಳುತ್ತಿರುವವರೆಗೆ ಮಾತ್ರ ಗಾಡಿ ಹೋಗಬಹುದು. ತಂತಿ ತುಂಡಾದರೂ, ಕರೆಂಟು ಹೋದರೂ, ಮುಂದೆ ಗಾಡಿ ನಿಂತಿದ್ದರೂ ಸಂಕೇತ ನಿಲ್ಲುತ್ತದೆ, ಬ್ರೇಕು ತಾನಾಗಿ ಬೀಳುತ್ತದೆ. ‘ನಿಲ್ಲು’ ಎಂದು ಯಾರೂ ಹೇಳಬೇಕಿಲ್ಲ. ‘ಹೋಗು’ ಎನ್ನುವುದು ನಿಂತರೆ ಆಯಿತು. ನಿಮ್ಮ ಮೇಜಿನ ಗಾಡಿಗಳಲ್ಲಿ ಇದು ಉಲ್ಟಾ ಇರುತ್ತದೆ: ಅಲ್ಟ್ರಾಸಾನಿಕ್ ಸೆನ್ಸರಿನ ವೈರು ಕಳಚಿಕೊಂಡರೆ ಗಾಡಿಗೆ ಮುಂದೆ ಏನೂ ಇಲ್ಲವೆಂದು ತೋರುತ್ತದೆ, ಪೂರ್ತಿ ವೇಗದಲ್ಲಿ ನುಗ್ಗುತ್ತದೆ. ನಮ್ಮ ಇಲಾಖೆಯಲ್ಲಿ ಇದಕ್ಕೆ ‘ರಾಂಗ್ ಸೈಡ್ ಫೇಲ್ಯೂರ್’ ಎನ್ನುತ್ತೇವೆ. ಆ ಮೂರು ಶಬ್ದ ಕೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ನಿಯಂತ್ರಣ ಬೇರೆ, ರಕ್ಷಣೆ ಬೇರೆ. ನಿಮ್ಮ ಪಿಐಡಿ ಕಂಟ್ರೋಲರು ಎಷ್ಟೇ ಜಾಣನಾಗಿರಲಿ, ಅದರ ಮೇಲೆ ಕಾವಲಿಗೆ ಒಂದು ದಡ್ಡ, ಅಪನಂಬಿಕೆಯ ಯಂತ್ರ ಬೇಕು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ 2011ರಿಂದ 21 ಪಾಡ್‌ಗಳು ಐದನೇ ಟರ್ಮಿನಲ್ಲಿಗೂ ಕಾರು ನಿಲ್ಲಿಸುವ ಜಾಗಕ್ಕೂ ಓಡಾಡುತ್ತವೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಮಾರ್ಟಿನ್ ಲೋಸನ್ ಅವರ ಕನಸಿನ ಕೂಸು. ಪಾಡ್ ಹೊರಡುವ ಮೊದಲೇ ದಾರಿಯುದ್ದಕ್ಕೂ ಅದಕ್ಕೆ ಜಾಗ ಕಾಯ್ದಿರಿಸುವ ಕಂಪ್ಯೂಟರ್ ಒಂದು ಕಡೆ. ಹಿಂದೆ ಹಿಂದೆ ಬರುವ ಪಾಡ್ ತೀರ ಹತ್ತಿರ ಬಂದರೆ ಬ್ರೇಕು ಹಾಕಿಸುವ, ಮಾರ್ಗದಲ್ಲಿ ಹುದುಗಿಸಿದ ತಂತಿಸುರುಳಿಗಳ ಪ್ರತ್ಯೇಕ ವ್ಯವಸ್ಥೆ ಇನ್ನೊಂದು ಕಡೆ. ಒಂದು ಇನ್ನೊಂದರ ಮಾತು ಕೇಳಬೇಕಿಲ್ಲ.

ಕಾವಲಿನ ಯಂತ್ರಕ್ಕೇ ಕಣ್ಣು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2009ರ ಜೂನ್ 22ರಂದು ವಾಷಿಂಗ್ಟನ್ ಮೆಟ್ರೊದಲ್ಲಿ ನಿಂತಿದ್ದ ರೈಲನ್ನು, ಹಳಿಯ ಮೇಲೆ ರೈಲಿದೆಯೇ ಎಂದು ಪತ್ತೆ ಹಚ್ಚಬೇಕಾದ ಟ್ರ್ಯಾಕ್ ಸರ್ಕ್ಯೂಟ್ ಕಾಣಲೇ ಇಲ್ಲ, ಸ್ವಯಂಚಾಲಿತವಾಗಿ ಬರುತ್ತಿದ್ದ ಹಿಂದಿನ ರೈಲು ಗುದ್ದಿ ಒಂಬತ್ತು ಮಂದಿ ಸತ್ತರು. ಸಿಂಗಪುರದ ಜೂ ಕೂನ್ ನಿಲ್ದಾಣದಲ್ಲಿ 2017ರ ನವೆಂಬರ್ 15ರಂದು ನಡೆದದ್ದು ನಿಮಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅದು ಹೊಸ ತಲೆಮಾರಿನ ಸಿಬಿಟಿಸಿ, ಅಂದರೆ ಸಂವಹನ ಆಧಾರಿತ ರೈಲು ನಿಯಂತ್ರಣ ವ್ಯವಸ್ಥೆ. ಅದರಲ್ಲಿ ಪ್ರತಿ ರೈಲಿನ ಸುತ್ತ ಕಂಪ್ಯೂಟರ್ ಒಂದು ರಕ್ಷಣಾ ವಲಯವನ್ನು ಕಲ್ಪಿಸಿಕೊಂಡಿರುತ್ತದೆ, ಹಿಂದಿನದು ಅದರೊಳಗೆ ಬರುವಂತಿಲ್ಲ. ಆ ದಿನ ಹಳಿಬದಿಯ ಕೆಟ್ಟ ಸಾಧನವೊಂದನ್ನು ದಾಟುವಾಗ ಮುಂದಿನ ರೈಲಿನ ವಲಯ ಅಳಿಸಿಹೋಯಿತು. ಹಿಂದಿನ ರೈಲು ಬಂದು ಸ್ವಲ್ಪ ದೂರದಲ್ಲಿ ಸರಿಯಾಗಿಯೇ ನಿಂತಿತು. ಆಮೇಲೆ ವ್ಯವಸ್ಥೆ ಮುಂದಿನ ಆರು ಬೋಗಿಯ ರೈಲನ್ನು ಮೂರು ಬೋಗಿಯದ್ದೆಂದು ಲೆಕ್ಕ ಹಾಕಿತು, ಮುಂದೆ ಜಾಗ ಇದೆಯೆಂದು ತಿಳಿದು ಹಿಂದಿನದನ್ನು ಹೊರಡಿಸಿತು. ವೇಗ ಕಡಿಮೆ ಇದ್ದದ್ದರಿಂದ ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡು ಬದುಕಿಕೊಂಡರು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಬದಲಾಗುತ್ತಿದ್ದ ಹೊತ್ತು ಅದು. ಎರಡೂ ಕೂಡುವ ಹೊಲಿಗೆಯಲ್ಲಿ ಬಿರುಕು ಬಿಟ್ಟಿತು.

ಈಗ ನಿಮ್ಮ ವಿಷಯಕ್ಕೇ ಬರುತ್ತೇನೆ, ಕಂಟ್ರೋಲ್ ಥಿಯರಿಗೆ. ಹೊಸೂರು ರಸ್ತೆಯಲ್ಲಿ ಸಂಜೆ ಆರಕ್ಕೆ ಯಾವ ಅಪಘಾತವೂ ಇಲ್ಲದೆ ಟ್ರಾಫಿಕ್ ನಿಂತು ನಿಂತು ಹೊರಡುವುದನ್ನು ನೋಡಿದ್ದೀರಿ. ಮುಂದೆ ಯಾರೋ ಒಬ್ಬರು ಬ್ರೇಕನ್ನು ಸುಮ್ಮನೆ ಮುಟ್ಟಿರುತ್ತಾರೆ. ಅವರ ಹಿಂದಿನವರು ಸ್ವಲ್ಪ ಜಾಸ್ತಿ ಒತ್ತುತ್ತಾರೆ, ಅವರ ಹಿಂದಿನವರು ಇನ್ನೂ ಸ್ವಲ್ಪ, ಇಪ್ಪತ್ತನೆಯ ಗಾಡಿ ನಿಂತೇಹೋಗುತ್ತದೆ. ಮನುಷ್ಯರ ಪ್ರತಿಕ್ರಿಯೆ ನಿಧಾನವಾದ್ದರಿಂದ ಹೀಗಾಗುತ್ತದೆ, ಯಂತ್ರ ಕೂತರೆ ಆಗುವುದಿಲ್ಲ ಎಂದು ನೀವು ಬರೆಯುತ್ತೀರಿ. ತಪ್ಪು. ಪ್ರತಿ ಗಾಡಿಯೂ ತನ್ನ ಮುಂದಿನದನ್ನು ಮಾತ್ರ ನೋಡಿಕೊಂಡು, ವೇಗ ಎಷ್ಟೇ ಇರಲಿ ಒಂದೇ ದೂರ, ಉದಾಹರಣೆಗೆ ಎರಡು ಮೀಟರ್, ಕಾಯ್ದುಕೊಳ್ಳಲು ಹೊರಟರೆ ಸಾಲಿನ ಹಿಂದಕ್ಕೆ ಹೋದಂತೆ ದೋಷ ಹಿಗ್ಗುತ್ತ ಹೋಗುತ್ತದೆ. ಗೇನ್ ತಿರುಗಿಸಿ ಇದನ್ನು ಗೆಲ್ಲಲಾಗದು, ಒಂದು ಕಡೆ ಒತ್ತಿದರೆ ಬೇರೆ ಆವರ್ತನದಲ್ಲಿ ಎದ್ದು ಬರುತ್ತದೆ. ಇದು ಸ್ಟ್ರಿಂಗ್ ಸ್ಟೆಬಿಲಿಟಿಯ ಪ್ರಶ್ನೆ. 1966ರಲ್ಲಿ ಲೆವಿನ್ ಮತ್ತು ಅಥನ್ಸ್ ಸಾಲು ಗಾಡಿಗಳ ನಿಯಂತ್ರಣದ ಬಗ್ಗೆ ಪ್ರಬಂಧ ಬರೆದರು. 1990ರ ದಶಕದಲ್ಲಿ ಬರ್ಕ್ಲಿಯ ಸ್ವರೂಪ್ ದರ್ಭ, ಕಾರ್ಲ್ ಹೆಡ್ರಿಕ್ ಮೊದಲಾದವರು ಇದಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕಿದರು.

ಬಿಡಿಸಿಕೊಳ್ಳುವ ದಾರಿಗಳು ಮುಖ್ಯವಾಗಿ ಎರಡು. ದೂರದ ಬದಲು ಕಾಲದ ಅಂತರ ಕಾಯ್ದುಕೊಳ್ಳುವುದು ಒಂದು. ವೇಗ ಹೆಚ್ಚಿದಂತೆ ಗಾಡಿ ಹಿಂದೆ ಸರಿಯುತ್ತದೆ, ಅಲೆ ಸಾಯುತ್ತದೆ, ಜೊತೆಗೆ ನಿಮ್ಮ ಎರಡು ಮೀಟರ್ ಕೂಡ ಸಾಯುತ್ತದೆ. ಎರಡನೆಯದು ಸಾಲಿನ ನಾಯಕನ ವೇಗವನ್ನೂ ವೇಗೋತ್ಕರ್ಷವನ್ನೂ ರೇಡಿಯೋ ಮೂಲಕ ಎಲ್ಲ ಗಾಡಿಗಳಿಗೂ ಏಕಕಾಲಕ್ಕೆ ತಿಳಿಸುವುದು. 1997ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೋದ ಹೆದ್ದಾರಿಯಲ್ಲಿ ಕ್ಯಾಲಿಫೋರ್ನಿಯಾದ ‘ಪಾತ್’ ಸಂಶೋಧಕರು ಎಂಟು ಬ್ಯೂಕ್ ಕಾರುಗಳನ್ನು ಹೀಗೆಯೇ 6.5 ಮೀಟರ್ ಅಂತರದಲ್ಲಿ ಓಡಿಸಿ ತೋರಿಸಿದರು. ರಸ್ತೆಯಲ್ಲಿ ಹೂತಿಟ್ಟ ಅಯಸ್ಕಾಂತಗಳು ಸ್ಟಿಯರಿಂಗಿಗೆ, ರಾಡಾರ್ ದೂರಕ್ಕೆ, ರೇಡಿಯೋ ನಾಯಕನ ಮಾತಿಗೆ. ಅದ್ಭುತವಾಗಿತ್ತು. ರೇಡಿಯೋ ಕೈಕೊಟ್ಟ ಕ್ಷಣದಲ್ಲಿ ಏನು ಮಾಡಬೇಕು ಎಂಬುದೇ ಆಮೇಲಿನ ವರ್ಷಗಳ ಸಂಶೋಧನೆಯಾಯಿತು. ಮೋರ್ಗನ್‌ಟೌನಿನಂತೆ ಮುಂದಿನದನ್ನು ನೋಡದೆ ಗುರುತನ್ನು ಬೆನ್ನಟ್ಟುವವರಿಗೆ ಈ ಅಲೆಯ ಕಾಟವೇ ಇಲ್ಲ. ಅವರ ಕಷ್ಟ ಬೇರೆ: ಮುಂದಿನದು ನಿಂತಾಗ ಗುರುತು ಮಾತ್ರ ಸಾಗುತ್ತಲೇ ಇರುತ್ತದೆ. ಎಲ್ಲ ಗುರುತುಗಳನ್ನೂ ಯಾರೋ ನಿಲ್ಲಿಸಬೇಕು. ಅರ್ಮಾದ ಗಡಿಯಾರ ಬೇರೆ ವೇಷದಲ್ಲಿ ಬಂದಂತೆ.

ಹೀಗೆ ಗುರುತನ್ನು ಬೆನ್ನಟ್ಟುವ ಗಾಡಿಗಳನ್ನು ಜಪಾನೀಯರು ಒಂದು ಸೆಕೆಂಡಿನ ಅಂತರದಲ್ಲಿ ಓಡಿಸಿ ತೋರಿಸಿದರು. ಟೋಕಿಯೋ ಬಳಿಯ ಹಿಗಾಶಿಮುರಯಾಮದಲ್ಲಿ 1970ರ ದಶಕದಲ್ಲಿ ಸಿವಿಎಸ್ ಎಂಬ ವ್ಯವಸ್ಥೆಯ ಪರೀಕ್ಷಾ ಮಾರ್ಗ ಕಟ್ಟಿ ಹತ್ತಾರು ಗಾಡಿಗಳನ್ನು ಓಡಿಸಿದರು. ತಂತ್ರಜ್ಞಾನ ಕೆಲಸ ಮಾಡಿತು. ಸರ್ಕಾರ ಬ್ರೇಕಿನ ದೂರ ಮತ್ತು ಅಂತರ ರೈಲ್ವೆ ಸುರಕ್ಷತಾ ನಿಯಮಕ್ಕೆ ಹೊಂದುವುದಿಲ್ಲ ಎಂದು ಅನುಮತಿ ಕೊಡಲಿಲ್ಲ, ಯೋಜನೆ ಮುಗಿಯಿತು. ಜರ್ಮನಿಯ ಹಾಗೆನ್‌ನಲ್ಲಿ ಡೆಮಾಗ್ ಮತ್ತು ಎಂಬಿಬಿ ಕಂಪನಿಗಳ ಕ್ಯಾಬಿನ್ ಟ್ಯಾಕ್ಸಿ ಒಂದೇ ತೊಲೆಯ ಮೇಲೊಂದು ಕೆಳಗೊಂದು ಸಾಲಿನಲ್ಲಿ ಓಡಿತು. ಲೀನಿಯರ್ ಮೋಟಾರು, ಮುಂದಿನ ಗಾಡಿಯನ್ನು ತಾನೇ ಅಳೆದುಕೊಳ್ಳುವ ಜಾಣತನ. ನನಗೆ ಇವುಗಳಲ್ಲೆಲ್ಲ ಅತ್ಯಂತ ಮೆಚ್ಚಿಗೆಯಾದ ವಿನ್ಯಾಸ ಅದು. ಹ್ಯಾಂಬರ್ಗ್‌ನಲ್ಲಿ ಕಟ್ಟಬೇಕೆನ್ನುವಷ್ಟರಲ್ಲಿ ದುಡ್ಡು ನಿಂತಿತು.

ಪ್ಯಾರಿಸ್ಸಿನ ಅರಾಮಿಸ್ ಕತೆ ಇನ್ನೂ ದೊಡ್ಡದು. ಮಾತ್ರಾ ಕಂಪನಿ 1970ರ ಹೊತ್ತಿಗೆ ಹಿಡಿದ ಕನಸು: ಕೊಂಡಿಯಿಲ್ಲದೆ, ಸೆನ್ಸರುಗಳ ಬಲದಿಂದಲೇ ಒಂದಡಿಯ ಆಸುಪಾಸಿನ ಅಂತರದಲ್ಲಿ ರೈಲಿನಂತೆ ಕೂಡಿ ಓಡುವ ಗಾಡಿಗಳು. ಕವಲಿನಲ್ಲಿ ಬೇರ್ಪಟ್ಟು ತಮ್ಮ ತಮ್ಮ ದಾರಿ ಹಿಡಿಯುತ್ತವೆ, ಮುಂದೆ ಬೇರೆಯವುಗಳ ಜೊತೆ ಕೂಡುತ್ತವೆ. 1973ರಲ್ಲಿ ಓರ್ಲಿಯಲ್ಲಿ ಪರೀಕ್ಷೆ. ಆಮೇಲೆ ನಗರದ ದಕ್ಷಿಣದ ಬುಲ್ವಾರ್ ವಿಕ್ಟರಿನಲ್ಲಿ ಪ್ರಯೋಗ ಕೇಂದ್ರ. ನಾಲ್ಕು ಸೀಟಿನ ಗಾಡಿ ಹತ್ತು ಸೀಟಿನದ್ದಾಯಿತು, ಒಂಟಿ ಗಾಡಿ ಜೋಡಿಯಾಯಿತು. ಪ್ರತಿ ಸುರಕ್ಷತಾ ಚರ್ಚೆ ಮುಗಿದಾಗಲೂ ಅದು ಪಾಡಿನಿಂದ ಒಂದು ಹೆಜ್ಜೆ ದೂರ ಸರಿದು ಪುಟ್ಟ ಮೆಟ್ರೊ ಆಗುತ್ತಿತ್ತು. 1987ರ ನವೆಂಬರಿನಲ್ಲಿ ಕೈಬಿಟ್ಟರು. ಸಮಾಜಶಾಸ್ತ್ರಜ್ಞ ಬ್ರೂನೋ ಲತೂರ್ ಇದರ ಸಾವಿನ ತನಿಖೆಯನ್ನೇ 1992ರಲ್ಲಿ ಪುಸ್ತಕ ಮಾಡಿದರು. ಯಾರೂ ಅದನ್ನು ಸಾಕಷ್ಟು ಪ್ರೀತಿಸಲಿಲ್ಲ ಎಂಬುದು ಅವರ ನಿಲುವು. ಇರಬಹುದು. ಸಿಗ್ನಲ್ ಇಂಜಿನಿಯರಿಗೆ ಕಾಣುವುದು, ಒಂದಡಿ ಅಂತರಕ್ಕೆ ತಮ್ಮ ಹೆಸರಿನಲ್ಲಿ ಸಹಿ ಹಾಕಲು ಯಾರೂ ಮುಂದೆ ಬರಲಿಲ್ಲ ಎಂಬುದು.

ಕವಲು ಮತ್ತು ನಿಲ್ದಾಣದ ಮಾತು ಚುಟುಕಾಗಿ. ನಮ್ಮ ರೈಲ್ವೆಯ ಪಾಯಿಂಟ್ ಮಗ್ಗುಲು ಬದಲಿಸಿ, ಬೀಗ ಬಿದ್ದು, ಬಿದ್ದದ್ದು ಖಾತ್ರಿಯಾಗಲು ಕೆಲವು ಸೆಕೆಂಡು ಬೇಕು. ಹಾಗಾಗಿ ಒತ್ತೊತ್ತಾಗಿ ಓಡುವ ವ್ಯವಸ್ಥೆಯಲ್ಲಿ ಕವಲು ನೆಲದಲ್ಲಿರಬಾರದು, ಗಾಡಿಯಲ್ಲೇ ಇರಬೇಕು. ಮೋರ್ಗನ್‌ಟೌನಿನಲ್ಲಿ ಗಾಡಿಯೇ ಎಡ ಅಥವಾ ಬಲ ಗೋಡೆಯನ್ನು ಹಿಡಿದು ತನ್ನ ದಾರಿ ಆರಿಸಿಕೊಳ್ಳುತ್ತದೆ. ನಿಲ್ದಾಣದ ಲೆಕ್ಕ ಇನ್ನೂ ಕಠೋರ. ಒಂದು ಪಾಡ್ ಒಳಬಂದು, ಬಾಗಿಲು ತೆರೆದು, ಅಜ್ಜಿ ಇಳಿದು, ಸೂಟ್‌ಕೇಸು ಹತ್ತಿ, ಹೊರಡಲು 30 ಸೆಕೆಂಡು ಎಂದರೆ ಒಂದು ಜಾಗದಿಂದ ಗಂಟೆಗೆ 120 ಪಾಡ್. ಮೂರು ಸೆಕೆಂಡಿಗೊಂದರಂತೆ ಬರುವ ಸಾಲಿಗೆ ಹತ್ತು ಜಾಗ ಬೇಕು. ನಿಮ್ಮ ಅರ್ಧ ಸೆಕೆಂಡಿನ ಸಾಲು ಪೂರ್ತಿ ಒಂದೇ ನಿಲ್ದಾಣದಲ್ಲಿ ಇಳಿಯುವುದಾದರೆ ಅರವತ್ತು. ಮೆಜೆಸ್ಟಿಕ್‌ನಲ್ಲಿ ಅಷ್ಟು ಜಾಗ ಯಾರು ಕೊಡುತ್ತಾರೆ?

ಇಷ್ಟೆಲ್ಲ ಓದಿ ಪಾಡ್‌ಗಳ ಮೇಲೆ ಮುದುಕನಿಗೆ ಸಿಟ್ಟು ಎಂದುಕೊಳ್ಳಬೇಡಿ. ಸೋತವೆಂದು ನಾವು ಅಂದುಕೊಂಡ ಪ್ರಯೋಗಗಳು ಎಲ್ಲಿ ಹೋದವು ಗೊತ್ತೇ? 1970ರ ದಶಕದ ಆರಂಭದಲ್ಲಿ ಕೆನಡಾದ ಟೊರಾಂಟೊಗೆಂದು ಜರ್ಮನಿಯ ಕ್ರೌಸ್ ಮಾಫೈ ಕಂಪನಿ ಅಯಸ್ಕಾಂತದ ಮೇಲೆ ತೇಲುವ ಸಣ್ಣ ಗಾಡಿಗಳನ್ನು ಕಟ್ಟಹೊರಟಿತು. ಗಾಡಿ ಕೈಬಿಟ್ಟುಹೋಯಿತು. ಆ ಗಾಡಿಗಳನ್ನು ಹತ್ತಿರ ಹತ್ತಿರ ಓಡಿಸಲು ಲೊರೆಂಜ್ ಕಂಪನಿ ಮಾಡಿದ್ದ ಸೆಲ್‌ಟ್ರ್ಯಾಕ್ ಎಂಬ ನಿಯಂತ್ರಣ ವ್ಯವಸ್ಥೆ ಉಳಿಯಿತು. 1985ರ ಹೊತ್ತಿಗೆ ಅದು ಟೊರಾಂಟೊ ಮತ್ತು ವ್ಯಾಂಕೂವರಿನ ರೈಲುಗಳಿಗೆ ಬಂತು. ಹಳಿಯನ್ನು ಸ್ಥಿರ ಬ್ಲಾಕುಗಳಾಗಿ ಕತ್ತರಿಸುವ ಬದಲು ರೈಲಿನ ಜೊತೆಗೇ ಬ್ಲಾಕು ಚಲಿಸುವ ಪದ್ಧತಿ ಅಲ್ಲಿಂದ ಜಗತ್ತಿನ ಮೆಟ್ರೊಗಳಿಗೆ ಹಬ್ಬಿತು. ಅರಾಮಿಸ್ ಕಟ್ಟಿದ ಮಾತ್ರಾ 1983ರಲ್ಲಿ ಲೀಲ್ ನಗರಕ್ಕೆ ಒಂದು ನಿಮಿಷದ ಆಸುಪಾಸಿನಲ್ಲಿ ಬರುವ ಚಾಲಕರಹಿತ ರೈಲು ಕೊಟ್ಟಿತ್ತು, 1998ರಲ್ಲಿ ಪ್ಯಾರಿಸ್ಸಿನ 14ನೇ ಮಾರ್ಗಕ್ಕೂ ಸ್ವಯಂಚಾಲಿತ ವ್ಯವಸ್ಥೆ ಕೊಟ್ಟಿತು. ಇವರೆಲ್ಲ ಗೋಡೆಯ ನಿಯಮವನ್ನು ಬಿಡಲಿಲ್ಲ. ಗೋಡೆ ಎಲ್ಲಿದೆ ಎಂಬುದನ್ನು ಹೆಚ್ಚು ಕರಾರುವಾಕ್ಕಾಗಿ ತಿಳಿದುಕೊಂಡರು, ಅಷ್ಟೇ.

ಆ ವಂಶದ ವಿದ್ಯೆಯೇ ಇಂದು ಬೆಂಗಳೂರಿನ ನಮ್ಮ ಮೆಟ್ರೊದ ಹಳದಿ ಮಾರ್ಗದಲ್ಲಿದೆ. ನೇರಳೆ ಮತ್ತು ಹಸಿರು ಮಾರ್ಗಗಳದ್ದು, ಇನ್ನೆಷ್ಟು ದೂರ ಹೋಗಬಹುದೆಂದು ರೈಲಿಗೆ ತಿಳಿಸುವ ‘ಡಿಸ್ಟೆನ್ಸ್ ಟು ಗೋ’ ಪದ್ಧತಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿಗೆ ಹಾಕಿರುವುದು ಸಿಬಿಟಿಸಿ. 2025ರ ಆಗಸ್ಟಿನಲ್ಲಿ ಅದು ಶುರುವಾದಾಗ ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಕೇಳಿದ್ದು ಇದನ್ನೇ: ಚಾಲಕರೇ ಬೇಡದ ರೈಲಾದರೆ ನಿಮಿಷಕ್ಕೊಂದು ಯಾಕೆ ಬರುವುದಿಲ್ಲ? ಆಗ ಬರುತ್ತಿದ್ದದ್ದು 25 ನಿಮಿಷಕ್ಕೊಂದು. ಕಾರಣ ನಿಯಂತ್ರಣ ವ್ಯವಸ್ಥೆಯಲ್ಲ, ಓಡಿಸಲು ಇದ್ದದ್ದೇ ಮೂರು ರೈಲು. ಚಲಿಸುವ ಬ್ಲಾಕು, ರೇಡಿಯೋ, ಕರಾರುವಾಕ್ಕಾದ ಬ್ರೇಕು ಎಲ್ಲವೂ ಸಿದ್ಧವಾಗಿ ಕಾಯುತ್ತಿದ್ದವು, ಬೋಗಿಗಳು ಇನ್ನೂ ಬರಬೇಕಿತ್ತು. ಹೆಡ್‌ವೇ, ಅಂದರೆ ಒಂದರ ಹಿಂದೆ ಇನ್ನೊಂದು ಬರುವ ಅಂತರ, ಎಂಬುದನ್ನು ನಿರ್ಧರಿಸುವವರ ಸಾಲಿನಲ್ಲಿ ಕಂಟ್ರೋಲ್ ಇಂಜಿನಿಯರ್ ಬಹಳ ಹಿಂದೆ ನಿಂತಿರುತ್ತಾನೆ.

ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಪಾಡ್ ಟ್ಯಾಕ್ಸಿಯ ಯೋಜನೆ ರೂಪುಗೊಂಡಿದೆ. ಬೆಂಗಳೂರಿನಲ್ಲೂ ಈ ಮಾತು ಆಗಾಗ ತಲೆ ಎತ್ತುತ್ತದೆ, ಮುಂದೆಯೂ ಎತ್ತುತ್ತದೆ. ನಿಮ್ಮಲ್ಲಿ ಕೆಲವರು ಅಂಥ ಕಂಪನಿಗಳಲ್ಲಿ ಕೆಲಸಕ್ಕೆ ಸೇರುತ್ತೀರಿ, ಕೆಲವರು ಟೆಂಡರ್ ಪರಿಶೀಲಿಸುವ ಮೇಜಿನ ಈಚೆ ಕೂರುತ್ತೀರಿ. ಅದಕ್ಕೆ ಮೊದಲು, ಈ ವರ್ಷದ ಪ್ರಾಜೆಕ್ಟ್ ವರದಿಯಲ್ಲೇ ಒಂದು ಕೆಲಸ ಮಾಡಿ. ‘ಅಂತರ 0.5 ಸೆಕೆಂಡು’ ಎಂದು ಬರೆದ ಸಾಲಿನ ಕೆಳಗೆ, ಮುಂದಿನ ಗಾಡಿ ಅತಿ ಕೆಟ್ಟದಾಗಿ ಹೇಗೆ ನಿಲ್ಲಬಹುದೆಂದು ನೀವು ಒಪ್ಪಿಕೊಂಡಿದ್ದೀರಿ ಎಂಬುದನ್ನು ಬರೆಯಿರಿ. ಹೊಸ ಬ್ರೇಕಿಗೂ ಸವೆದ ಬ್ರೇಕಿಗೂ, ಒಣ ಮಾರ್ಗಕ್ಕೂ ಒದ್ದೆ ಮಾರ್ಗಕ್ಕೂ ಅಳತೆ ಬೇರೆ ಬೇರೆ ಕೊಡಿ. ಸೆನ್ಸರಿನ ವೈರು ಕಿತ್ತಾಗ ಗಾಡಿ ನಿಂತಿತೋ ಓಡಿತೋ ಎಂಬುದರ ವಿಡಿಯೋ ಇರಲಿ. ಮೂರಲ್ಲ, ಹತ್ತು ಗಾಡಿಗಳನ್ನು ಸಾಲಾಗಿ ಓಡಿಸಿ ಹತ್ತನೆಯದರ ದೋಷದ ಗ್ರಾಫನ್ನು ಹಾಕಿ, ಮೂರರಲ್ಲಿ ಅಲೆ ಕಾಣುವುದಿಲ್ಲ. ಹತ್ತು ಗಾಡಿ ಕೊಳ್ಳಲು ದುಡ್ಡಿಲ್ಲದಿದ್ದರೆ ಎರಡು ನಿಜ, ಎಂಟು ಸಿಮ್ಯುಲೇಷನ್, ಅದೂ ನಡೆಯುತ್ತದೆ. ಕೊನೆಯ ಪುಟದಲ್ಲಿ ಈ ಅಂತರಕ್ಕೆ ಹೊಣೆ ಯಾರು ಎಂಬಲ್ಲಿ ತಂಡದ ಹೆಸರಲ್ಲ, ಒಬ್ಬರ ಹೆಸರು, ಒಬ್ಬರ ಸಹಿ.

ಹಾಗೆ ಬರೆದ ವರದಿ ಯಾರ ಬಳಿ ಇದ್ದರೂ ನನಗೆ ಕಳಿಸಿ. ಕೆಂಪು ಪೆನ್ನು ಹಿಡಿದು ಓದಿ ಹಿಂದಿರುಗಿಸುತ್ತೇನೆ. ಅಂತರ ಮೂರು ಸೆಕೆಂಡು ಬಂದಿದ್ದರೆ ಸಂಕೋಚ ಬೇಡ.

ಇಂತಿ ನಿಮ್ಮ ಹಿತೈಷಿ,
ರೈಲ್ವೆ ಸಿಗ್ನಲ್ ವಿಭಾಗದ ನಿವೃತ್ತ ಇಂಜಿನಿಯರ್